ಮರ ಇಲ್ಲದ ಕ್ಯಾಂಪಿನಲ್ಲಿ ಹ್ಯಾಮಕ್: ನನ್ನ ಅನುಭವ

ಬಯಲುಸೀಮೆಯಲ್ಲಿ ಹ್ಯಾಮಕ್ (ಎರಡು ತುದಿ ಕಟ್ಟಿ ತೂಗುಹಾಕಿ ಮಲಗುವ ಬಟ್ಟೆಯ ಹಾಸಿಗೆ) ಕಟ್ಟೋಕಾಗಲ್ಲ, ಅದೆಲ್ಲ ಮಲೆನಾಡಿಗೆ ಸರಿ ಅಂತ ನನಗೆ ಹೇಳದವರಿಲ್ಲ. ಜೊತೆಗೆ ಬರುವ ಗೆಳೆಯರು ಹೇಳಿದರು. ಫಾರ್ಮ್ ಕ್ಯಾಂಪ್ ನಡೆಸುವವರಂತೂ ಫೋನಿನಲ್ಲೇ "ಮರ ಇಲ್ಲ ಸಾರ್, ಟೆಂಟ್ ಕೊಡ್ತೀವಿ ಬನ್ನಿ" ಅಂದುಬಿಡುತ್ತಿದ್ದರು. ಈಗ ಒಂದೂವರೆ ವರ್ಷದಿಂದ ನಾನು ಟೆಂಟ್ ಬಳಸಿಲ್ಲ. ಹಿರಿಯೂರಿನ ಹತ್ತಿರ ಮಾರಿಕಣಿವೆ ಹಿನ್ನೀರಿನ ಕಡೆ ಒಂದು ಬೋಳು ಜಮೀನಿದೆ, ಜಾಲಿ ಗಿಡ ಬಿಟ್ಟರೆ ಬೇರೇನೂ ಇಲ್ಲ, ಅಲ್ಲೂ ಬೆಳಗಿನ ತನಕ ಹ್ಯಾಮಕ್‌ನಲ್ಲೇ ಚೆನ್ನಾಗಿ ನಿದ್ದೆ ಮಾಡಿದ್ದೇನೆ. ಹೇಗೆ ಅಂತ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ.

ಹ್ಯಾಮಕ್‌ನಲ್ಲಿ ಓರೆಯಾಗಿ ಮಲಗಿದರೆ ಬೆನ್ನು ಹೆಚ್ಚು ಕಮ್ಮಿ ಸಮವಾಗಿರುತ್ತದೆ, ಅದಕ್ಕೆ ಎರಡೂ ಕಡೆಯ ಹಗ್ಗ ನೆಲದ ಮಟ್ಟಕ್ಕೆ ಮೂವತ್ತು ಡಿಗ್ರಿ ಓರೆಯಲ್ಲಿರಬೇಕು. ನನ್ನದು 11 ಅಡಿ ಹ್ಯಾಮಕ್, ರಿಡ್ಜ್‌ಲೈನ್ (ಹ್ಯಾಮಕ್‌ನ ಎರಡು ತುದಿಗಳ ನಡುವೆ ಮೇಲೆ ಕಟ್ಟುವ ಹಗ್ಗ) 9 ಅಡಿಗೆ ಒಂದೆರಡು ಇಂಚು ಹೆಚ್ಚು. ನನ್ನ ತೂಕ 78 ಕೆ.ಜಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ.

ನಮ್ಮ ಕಡೆ ತೋಟಗಳಲ್ಲಿ ಮರ ಇದೆ, ಆದರೆ ಅಳತೆ ಕೂಡಲ್ಲ. ತಿಪಟೂರು ಕಡೆ ತೆಂಗಿನ ತೋಟದಲ್ಲಿ ಮರದಿಂದ ಮರಕ್ಕೆ 27, 28 ಅಡಿ. ಅಷ್ಟು ದೂರಕ್ಕೆ ಮೂವತ್ತು ಡಿಗ್ರಿ ಬರಬೇಕಾದರೆ ಸ್ಟ್ರ್ಯಾಪನ್ನು (ಮರಕ್ಕೆ ಸುತ್ತುವ ಪಟ್ಟಿ) ಒಂಬತ್ತು ಹತ್ತು ಅಡಿ ಮೇಲೆ ಕಟ್ಟಬೇಕು. ಏಣಿ ತಂದು ಕಟ್ಟಿದೆ, ಆಯ್ತು. ಆದರೆ ತೆಂಗಿನ ಮರದ ಕೆಳಗೆ ರಾತ್ರಿ ಮಲಗಬಾರದು. ಹತ್ತಡಿ ಆಚೆ ಒಣಗಿದ ಗರಿಯೊಂದು ಬಿದ್ದ ಸದ್ದಿಗೇ ನನಗೆ ಸಾಕಾಯಿತು, ಕಾಯಿ ಬಿದ್ದರೆ ಕೇಳಲೇಬೇಡಿ. ಏಣಿ ಬೇಡ ಅಂತ ಕೆಳಗೇ ಕಟ್ಟಿದರೆ ಕೋನ ಹದಿನೈದಕ್ಕೆ ಇಳಿಯುತ್ತದೆ, ಆಗ ಒಂದೊಂದು ಕಡೆ 150 ಕೆ.ಜಿ. ಎಳೆತ. ಮೂವತ್ತರಲ್ಲಾದರೆ ಬರೀ 78.

ಅಡಿಕೆ ತೋಟದಲ್ಲಿ ಇದರ ಉಲ್ಟಾ. ಗಿಡದಿಂದ ಗಿಡಕ್ಕೆ 9 ಅಡಿ, ಹ್ಯಾಮಕ್ ಮುದುಡಿಕೊಂಡು ಕೂರುತ್ತದೆ. ಇಲ್ಲಿ ನನಗೆ ಹೊಳೆದದ್ದು ಮೂಲೆಯಿಂದ ಮೂಲೆಗೆ ಕಟ್ಟುವುದು. 9 ಅಡಿ ಚೌಕದ ಕರ್ಣ 12 ಮುಕ್ಕಾಲು ಅಡಿ ಹತ್ತಿರ ಬರುತ್ತದೆ, 11 ಅಡಿ ಹ್ಯಾಮಕ್‌ಗೆ ಹೇಳಿ ಮಾಡಿಸಿದ ಅಳತೆ! ಗುಬ್ಬಿ ಹತ್ತಿರ ಗೆಳೆಯನ ತೋಟದಲ್ಲಿ ಕಟ್ಟಿ ನೋಡಿದೆ, ನಲವತ್ತು ವರ್ಷದ ಹಳೇ ಮರಗಳು, ಜಗ್ಗಲಿಲ್ಲ. ಎಳೆಯ ಗಿಡಗಳಿಗೆ ಕಟ್ಟಬೇಡಿ, ವಾಲುತ್ತವೆ. ಯಾವ ಗಿಡವಾದರೂ ತೋಟದ ಯಜಮಾನರನ್ನು ಕೇಳಿಯೇ ಕಟ್ಟಿ. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಸಿಲ್ವರ್ ಮರ ಸಾಲಾಗಿ ಸಿಗುತ್ತದೆ, ಆದರೆ ಅದಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಬಳ್ಳಿಯ ಮೇಲೆ ಸ್ಟ್ರ್ಯಾಪ್ ಬಿಗಿದರೆ ಅವರ ವರ್ಷದ ಫಸಲನ್ನೇ ಹಿಸುಕಿದಂತೆ.

ಸ್ಟ್ರ್ಯಾಪ್ ವಿಷಯ ಒಂದು ಮಾತು. ಮೊದಲು ಮಂಚಕ್ಕೆ ಹಾಕುವ ನೈಲಾನ್ ನವಾರು ತಂದೆ, ಮೀಟರಿಗೆ ಹದಿನೈದೋ ಇಪ್ಪತ್ತೋ. ನೈಲಾನ್ ರಾತ್ರಿಯೆಲ್ಲ ಹಿಗ್ಗಿ ಬೆಳಗಿನ ಜಾವಕ್ಕೆ ಬೆನ್ನು ನೆಲಕ್ಕೆ ತಾಗುತ್ತಿತ್ತು. ಆಮೇಲೆ ಲಾರಿ ಬಿಡಿಭಾಗದ ಅಂಗಡಿಯಲ್ಲಿ ಸಾಮಾನು ಬಿಗಿಯುವ ಪಾಲಿಯೆಸ್ಟರ್ ಬೆಲ್ಟ್ ಸಿಕ್ಕಿತು. ಒಂದಿಂಚು ಅಗಲ, ಜೋಡಿಗೆ 400 ರೂಪಾಯಿ ಇರಬೇಕು. ಬಿಗಿಯುವ ಕಬ್ಬಿಣದ ಹಿಡಿ (ರ‍್ಯಾಚೆಟ್) ತೆಗೆದು ಬೆಲ್ಟ್ ಮಾತ್ರ ಇಟ್ಟುಕೊಂಡೆ. ಇವತ್ತಿಗೂ ಅದೇ.

ಒಂದೇ ಒಂದು ಮರ ಸಿಕ್ಕಿದರೆ ಕಾರು ಬಳಸುತ್ತೇನೆ. ಕಾರಿನ ಮೇಲಿನ ಕ್ಯಾರಿಯರಿಗೆ ಕಟ್ಟುವವರನ್ನು ನೋಡಿದ್ದೇನೆ, ನನಗೆ ಅದು ಇಷ್ಟವಿಲ್ಲ. ಕ್ಯಾರಿಯರ್ ಇರೋದು ಮೇಲಿನ ಭಾರ ಹೊರೋದಕ್ಕೆ, ಪಕ್ಕದ ಎಳೆತ ತಡೆಯೋದಕ್ಕಲ್ಲ. ಹ್ಯಾಮಕ್‌ನ ಒಂದು ತುದಿ ಮರಕ್ಕೆ, ಇನ್ನೊಂದು ಕಂಬದ ತುದಿಗೆ. ನಾನು ಕಾರನ್ನು ಅಡ್ಡ ನಿಲ್ಲಿಸಿ, ಮರಕ್ಕೂ ಕಾರಿಗೂ ನಡುವೆ ಆರಡಿ ಸರ್ವೆ ಮರದ ಕಂಬ ಒಂದನ್ನು ಕಾರಿನ ಕಡೆಗೆ ಸ್ವಲ್ಪ ವಾಲಿಸಿ ನಿಲ್ಲಿಸುತ್ತೇನೆ. ಕಂಬದ ತುದಿಯಿಂದ ಎರಡು ಹಗ್ಗ, ಒಂದು ಮುಂದಿನ ಚಕ್ರಕ್ಕೆ, ಒಂದು ಹಿಂದಿನ ಚಕ್ರಕ್ಕೆ. ಎರಡು ಹಗ್ಗ ಅಗಲವಾಗಿ ಹರಡಿದ್ದರಿಂದಲೇ ಕಂಬ ಪಕ್ಕಕ್ಕೆ ಬೀಳಲ್ಲ. ಒಂದೇ ಹಗ್ಗದಲ್ಲಿ ಮಾಡಿದ ನನ್ನ ಗೆಳೆಯ ಮಗ್ಗುಲು ಬದಲಿಸಿದಾಗ ಕಂಬದ ಸಮೇತ ಉರುಳಿದ. ಕಂಬದ ಬುಡಕ್ಕೆ ಒಂದು ಚಪ್ಪಟೆ ಕಲ್ಲು ಇಡಿ, ಇಲ್ಲದಿದ್ದರೆ ರಾತ್ರಿಯಲ್ಲಿ ಅರ್ಧ ಅಡಿ ಹೂತುಹೋಗುತ್ತದೆ. ಸ್ಟಿಯರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ಹಗ್ಗ ಮರೆತು ಯಾರಾದರೂ ಗಾಡಿ ತೆಗೆದರೆ ಕಷ್ಟ.

ಕಾರಿನ ಬದಲು ನೆಲಕ್ಕೆ ಹಾರೆ ಹೊಡೆದು ಅದಕ್ಕೆ ಕಟ್ಟುವ ಪ್ರಯೋಗವೂ ಆಯ್ತು. ಒಣ ಕೆಂಪು ಮಣ್ಣಿನಲ್ಲಿ ಎರಡು ಹಾರೆ ಒಂದರ ಹಿಂದೆ ಒಂದು ಹೊಡೆದರೆ ನಿಲ್ಲುತ್ತದೆ. ಚಳ್ಳಕೆರೆ ಕಡೆ ಎರೆ ನೆಲದಲ್ಲಿ ಸಂಜೆ ಒಂದು ಹದ ಮಳೆ ಬಂತು, ಹಾರೆ ಬೆಣ್ಣೆಯಿಂದ ಬಂದ ಹಾಗೆ ಕಿತ್ತು ಬಂತು. ಆವತ್ತಿಗೆ ಹಾರೆ ಬಿಟ್ಟೆ.

ಇನ್ನು ಮುಖ್ಯ ವಿಷಯ, ಒಂದೂ ಮರ ಇಲ್ಲದಿದ್ದರೆ? ಎರಡು ಮುಕ್ಕಾಲಿ (ಮೂರು ಕಾಲುಗಳ ತಲೆ ಸೇರಿಸಿ ಕಟ್ಟಿದ್ದು), ಅವುಗಳ ನಡುವೆ ಒಂದು ಉದ್ದ ಗಳ, ಅಷ್ಟೇ. ಹೊರದೇಶದವರು ಇದಕ್ಕೆ ಟರ್ಟಲ್‌ಡಾಗ್ ಸ್ಟ್ಯಾಂಡ್ ಅನ್ನುತ್ತಾರೆ. ಹೆಚ್ಚಿನವರು ಮುಕ್ಕಾಲಿಯನ್ನು ದಪ್ಪ ಮಾಡಿ ಗಳವನ್ನು ತೆಳ್ಳಗೆ ಮಾಡುತ್ತಾರೆ. ಅಲ್ಲೇ ಕೆಡೋದು. ಮುಕ್ಕಾಲಿ ಹೊರುವುದು ಬರೀ ತೂಕ, ನನ್ನ ಲೆಕ್ಕದಲ್ಲಿ ಒಂದೊಂದಕ್ಕೆ ನಲವತ್ತು ಕೆ.ಜಿ., ಅದೂ ಮೂರು ಕಾಲಿಗೆ ಹಂಚಿಹೋಗುತ್ತದೆ. ಎರಡೂ ತುದಿಯಿಂದ ಒಳಗೆ ಎಳೆಯುವ 67 ಕೆ.ಜಿ. ಪೂರ್ತಿ ತಡೆಯೋದು ಗಳ ಒಂದೇ. ದುಡ್ಡು ಹಾಕುವುದಿದ್ದರೆ ಗಳಕ್ಕೆ ಹಾಕಿ.

ಮೊದಲ ಸ್ಟ್ಯಾಂಡ್ ಬಿದಿರಿನದು. ಬೆಂಗಳೂರಿನ ಬ್ಯಾಂಬೂ ಬಜಾರಿನಲ್ಲಿ ಗಳಕ್ಕೆ 150ರಿಂದ 200 ಹೇಳಿದರು. ದಪ್ಪ ಬಿದಿರು ನೋಡೋಕೆ ಜೋರು, ಒಳಗೆ ಟೊಳ್ಳು, ಸೀಳುತ್ತದೆ. ಕಿರುಬಿದಿರು ತಗೊಳ್ಳಿ, ಲಾಠಿ ಮಾಡುವ ಜಾತಿ, ಒಳಗೆ ಹೆಚ್ಚು ಕಮ್ಮಿ ಗಟ್ಟಿ. ಎರಡಿಂಚು ದಪ್ಪ, 12 ಅಡಿ ಉದ್ದ, ಒಂದು ಚೂರೂ ಬಾಗಲಿಲ್ಲ. ಆರು ಕಾಲು, ಒಂದು ಗಳ, ಹಗ್ಗ, ಎಲ್ಲ ಸೇರಿ 1,200 ರೂಪಾಯಿ ಒಳಗೇ ಮುಗಿಯಿತು. ಆದರೆ ಮೂರು ತಿಂಗಳಿಗೆ ಕುಟ್ಟೆ ಹಿಡಿದು ಬಿಳಿ ಪುಡಿ ಉದುರೋಕೆ ಶುರುವಾಯಿತು. ಎರಡನೇ ಸಲ ತಂದದ್ದನ್ನು ಊರಿನ ಕೆರೆಯಲ್ಲಿ ಮೂರು ವಾರ ನೆನೆಹಾಕಿ ನೆರಳಲ್ಲಿ ಒಣಗಿಸಿದೆ. ಅದಕ್ಕೆ ಇನ್ನೂ ಹುಳ ಬಿದ್ದಿಲ್ಲ. ವಾಸನೆ ಹೋಗೋಕೆ ಮಾತ್ರ ತಿಂಗಳು ಬೇಕಾಯಿತು, ಮನೆಯವರಿಂದ ಬೈಸಿಕೊಂಡೆ.

ಕಾರಿನ ಮೇಲೆ 12 ಅಡಿ ಗಳ ಕಟ್ಟಿಕೊಂಡು ಹೋಗಬಹುದು, ಬೈಕಿನಲ್ಲಿ ಆಗಲ್ಲ. ಅದಕ್ಕೆ ಅಲ್ಯೂಮಿನಿಯಂ. ಕೆ.ಜಿ. ಲೆಕ್ಕದಲ್ಲಿ ಕೊಡುತ್ತಾರೆ, ನಾನು ತಂದಾಗ 380ರ ಆಸುಪಾಸು ಇತ್ತು. ಹಗುರ ಇರಲಿ ಅಂತ ಗಳಕ್ಕೂ ಒಂದಿಂಚಿನ ಪೈಪೇ ಹಾಕಿ ನೋಡಿದೆ. ಕೂತಾಗ ಸುಮ್ನಿತ್ತು, ಕಾಲು ಮೇಲೆತ್ತಿ ಮಲಗುತ್ತಿದ್ದ ಹಾಗೇ ನಡುವೆ ಬಿಲ್ಲಿನ ಹಾಗೆ ಬಾಗಿತು. ಮುರಿಯುವ ಮುಂಚೆ ಇಳಿದೆ. ಆ ಪೈಪುಗಳು ದಂಡವಾಗಲಿಲ್ಲ, ಕಾಲುಗಳಿಗೆ ಸರಿಹೋದವು. ಗಳಕ್ಕೆ ಒಂದೂವರೆ ಇಂಚು, ಗೋಡೆ ದಪ್ಪ ಎರಡು ಮಿ.ಮೀ. ತಂದೆ. ವ್ಯಾಸ ಬರೀ ಅರ್ಧ ಇಂಚು ಹೆಚ್ಚಿಸಿದ್ದಕ್ಕೆ ಬಾಗದೆ ತಡೆಯುವ ಶಕ್ತಿ ಸುಮಾರು ಮೂರೂವರೆ ನಾಲ್ಕು ಪಟ್ಟು ಆಗುತ್ತದೆ.

ಗಳವನ್ನು ಮೂರು ತುಂಡು ಮಾಡಿದ್ದೇನೆ, ಒಂದೊಂದು ನಾಲ್ಕು ಅಡಿ. ಎರಡೇ ತುಂಡು ಮಾಡಬೇಡಿ, ಆಗ ಜಾಯಿಂಟ್ ಸರಿಯಾಗಿ ನಡುವಿಗೆ ಬರುತ್ತದೆ, ಬಾಗೋದು ಅಲ್ಲೇ. ಜಾಯಿಂಟಿಗೆ ಒಳಗೆ ಒಂದೂಕಾಲು ಇಂಚಿನ ಪೈಪು, ಒಂದಡಿ ಉದ್ದ, ಅರ್ಧ ಈ ಕಡೆ ಅರ್ಧ ಆ ಕಡೆ. ಅದು ಒಳಗೆ ಎರಡು ಮಿ.ಮೀ. ಆಡುತ್ತದೆ. ಆಟ ಇದ್ದರೆ ಗಳ ನೆಟ್ಟಗೆ ನಿಲ್ಲಲ್ಲ, ಆ ಆಟವನ್ನು ತೆಗೆಯುವುದಕ್ಕೆ ನಾನು ಕಂಡುಕೊಂಡ ಉಪಾಯ ನನ್ನಲ್ಲೇ ಇರಲಿ. ಲೇತ್ ಅಂಗಡಿಯವರು ಇದನ್ನು ಆಗಲ್ಲ ಅಂದಿದ್ದರು, ಹತ್ತು ರೂಪಾಯಿಯ ಸಾಮಾನಿನಲ್ಲಿ ಆಯಿತು ಅಂತಷ್ಟೇ ಹೇಳುತ್ತೇನೆ. ಮುಕ್ಕಾಲಿಯ ತಲೆ ಕಟ್ಟುವ ಗಂಟೂ ಹಾಗೇ, ಎದುರು ಸಿಕ್ಕರೆ ಕಟ್ಟಿ ತೋರಿಸುತ್ತೇನೆ. ಇದಿಷ್ಟು ನೆನಪಿಡಿ, ಹ್ಯಾಮಕ್ಕಿನ ಹಗ್ಗ ಗಳದ ತುದಿ ಮುಕ್ಕಾಲಿಗೆ ತಾಗುವ ಜಾಗದಲ್ಲೇ ಬರಬೇಕು. ಒಂದಡಿ ಒಳಗೆ ಗಳಕ್ಕೇ ನೇತುಹಾಕಿದರೆ ಎಂಥ ಪೈಪಾದರೂ ಬಾಗುತ್ತದೆ.

ಎಲ್ಲ ಸೇರಿ ಏಳೆಂಟು ಕೆ.ಜಿ. ತೂಕ, ಖರ್ಚು ರಿವೆಟ್ಟು, ಲೇತ್ ಕೂಲಿ ಸೇರಿಸಿ ನಾಲ್ಕು ಸಾವಿರದ ಹತ್ತಿರ. ಹೊರದೇಶದಿಂದ ಸ್ಟ್ಯಾಂಡ್ ತರಿಸೋಣ ಅಂತ ವಿಚಾರಿಸಿದಾಗ ಸುಂಕ, ಸಾಗಣೆ ಸೇರಿ ಮೂವತ್ತು ಸಾವಿರ ದಾಟುತ್ತಿತ್ತು. ನನ್ನದು ನಾಲ್ಕು ಸಾವಿರದಲ್ಲಿ ಅದೇ ಕೆಲಸ ಮಾಡುತ್ತಿದೆ, ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಕಾಲುಗಳು ಆರೂವರೆ ಅಡಿ. ಬುಡಗಳನ್ನು ಒಂದಕ್ಕೊಂದು ಹಗ್ಗದಲ್ಲಿ ಬಿಗಿಯಲೇಬೇಕು, ಇಲ್ಲದಿದ್ದರೆ ಜಾರಿ ಅಗಲವಾಗುತ್ತವೆ. ಕೆಲವು ಕ್ಯಾಂಪುಗಳಲ್ಲಿ ಸಿಮೆಂಟ್ ಕಟ್ಟೆ ಮೇಲೇ ಹಾಕಿ ಅನ್ನುತ್ತಾರೆ, ಅಲ್ಲಿ ಪೈಪು ಜಾರುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಊರುಗೋಲಿನ ಬುಡಕ್ಕೆ ಹಾಕುವ ರಬ್ಬರ್ ಬುಷ್ ಸಿಗುತ್ತದೆ, ಒಂದಕ್ಕೆ ಮೂವತ್ತೋ ನಲವತ್ತೋ. ಸರಿಯಾಗಿ ಕೂರುತ್ತದೆ.

ಸ್ಟ್ಯಾಂಡಿನಿಂದ ನಾನು ಎಣಿಸದ ಒಂದು ಲಾಭ ಇರುವೆ ಕಾಟ ತಪ್ಪಿದ್ದು. ಮಾವಿನ ಮರಕ್ಕೆ ಕಟ್ಟಿದವರಿಗೆ ಗೊತ್ತು, ಕೆಂಜಿರುವೆ ಸ್ಟ್ರ್ಯಾಪ್ ಹಿಡಿದೇ ಇಳಿದು ಬರುತ್ತದೆ. ಈಗ ಆರು ಕಾಲಿಗೂ ಬೇವಿನ ಎಣ್ಣೆ ಬಟ್ಟೆ ಸುತ್ತಿದರೆ ಮುಗೀತು.

ಚಳಿಗೆ ಅಂಡರ್‌ಕ್ವಿಲ್ಟ್ (ಹ್ಯಾಮಕ್‌ನ ಕೆಳಗೆ ಕಟ್ಟುವ ಬೆಚ್ಚನೆಯ ಹೊದಿಕೆ) ಬೇಕು ಅಲ್ವಾ, ಇಲ್ಲಿ ಸುಲಭವಾಗಿ ಸಿಗಲ್ಲ, ಸಿಕ್ಕರೂ ಬೆಲೆ ಜಾಸ್ತಿ. ಅಜ್ಜಿಯ ಕೌದಿಯನ್ನು ಕೆಳಗೆ ಕಟ್ಟಿ ನೋಡಿದೆ. ಬೆಚ್ಚಗಿತ್ತು, ಆದರೆ ಭಾರಕ್ಕೆ ನಡುವೆ ಜೋತುಬಿದ್ದು ಬೆನ್ನಿಗೂ ಅದಕ್ಕೂ ಮಧ್ಯೆ ಗಾಳಿ ಹೊಕ್ಕಿತು. ಆಮೇಲೆ ಚಳ್ಳಕೆರೆ ಕಂಬಳಿ. ನಾಲ್ಕು ಮೂಲೆಗೆ ಕುಣಿಕೆ ಹೊಲಿಸಿ, ಎರಡೂ ತುದಿಗೆ ಸೈಕಲ್ ಟ್ಯೂಬಿನ ತುಂಡು ಹಾಕಿ ಬೆನ್ನಿಗೆ ಅಂಟುವ ಹಾಗೆ ಎಳೆದು ಕಟ್ಟಿದೆ. ಡಿಸೆಂಬರಿನಲ್ಲಿ ಹದಿಮೂರು ಹದಿನಾಲ್ಕು ಡಿಗ್ರಿ ತನಕ ಇದು ಸಾಕು. ತುಂತುರು ಬಿದ್ದರೂ ಬೇಗ ಒಳಗೆ ಇಳಿಯಲ್ಲ. ಕುರಿ ವಾಸನೆ ಆಗದವರು ಬೇರೆ ದಾರಿ ನೋಡಬೇಕು, ನನಗೆ ಅದು ಇಷ್ಟ.

ಆಷಾಢದ ಗಾಳಿಯಲ್ಲಿ ಚಿತ್ರದುರ್ಗದ ಕಡೆ ಹೋಗುವವರು ಎರಡೂ ಮುಕ್ಕಾಲಿಗೆ ಪಕ್ಕದ ಹಗ್ಗ ಹಾಕಲೇಬೇಕು. ಗಾಳಿಯಂತ್ರ ಸುಮ್ನೆ ಅಲ್ಲಿ ನೆಟ್ಟಿಲ್ಲ. ಟಾರ್ಪಾಲು ಗಳದ ಮೇಲೇ ಹಾಕುತ್ತೇನೆ, ಬೇರೆ ಹಗ್ಗ ಬೇಡ, ಆದರೆ ಗಾಳಿ ಬರುವ ಕಡೆ ಅದನ್ನು ನೆಲದ ತನಕ ಇಳಿಸಿ. ಎತ್ತರಕ್ಕೆ ಬಿಟ್ಟ ಒಂದು ರಾತ್ರಿ ಟಾರ್ಪಾಲು ಗಾಳಿ ತುಂಬಿಕೊಂಡು ಸ್ಟ್ಯಾಂಡನ್ನೇ ಒಂದು ಮಾರು ಎಳೆದುಕೊಂಡು ಹೋಗಿತ್ತು. ಆಗ ನಾನು ಅದರಲ್ಲಿ ಇರಲಿಲ್ಲ, ಅಡುಗೆ ಮಾಡುತ್ತಿದ್ದೆ.

ಬಂಡೆಗಳಿರುವ ಕಡೆ ಇನ್ನೊಂದು ದಾರಿ ಇದೆ. ಮಧುಗಿರಿ ಹತ್ತಿರದ ಒಂದು ಹೊಲದಲ್ಲಿ ಎರಡು ಗುಂಡುಗಳ ಸುತ್ತ ಬೆಲ್ಟ್ ಸುತ್ತಿ ಮಲಗಿದ್ದೇನೆ. ಅಂಚಿಗೆ ಗೋಣಿಚೀಲ ನಾಲ್ಕು ಮಡಿಕೆ ಇಡಬೇಕು, ಗ್ರಾನೈಟ್ ಬೆಲ್ಟನ್ನು ಗರಗಸದ ಹಾಗೆ ಕುಯ್ಯುತ್ತದೆ. ಕೈಯಲ್ಲಿ ತಳ್ಳಿದರೆ ಅಲುಗುವ ಗುಂಡಿಗೆ ಕಟ್ಟಲೇಬೇಡಿ. ಹಂಪಿಯಂಥ ಸಂರಕ್ಷಿತ ಜಾಗದಲ್ಲಿ ಇದನ್ನು ಯೋಚನೆಯೂ ಮಾಡಬೇಡಿ.

"ಮರ ಇಲ್ಲ ಸಾರ್" ಅಂದಿದ್ದ ಕ್ಯಾಂಪಿನವರಲ್ಲಿ ಒಬ್ಬರು ಕಳೆದ ಸಂಕ್ರಾಂತಿ ಹೊತ್ತಿಗೆ ಬಿದಿರಿನ ಸ್ಟ್ಯಾಂಡ್ ಎರಡು ನನ್ನಿಂದಲೇ ಮಾಡಿಸಿಕೊಂಡರು, ಸಾಮಾನಿನ ದುಡ್ಡು ಕೊಟ್ಟು ಒಂದು ರಾತ್ರಿ ಊಟ ವಸತಿ ಅವರ ಲೆಕ್ಕದಲ್ಲಿ. ಈಗ ನೋಡುತ್ತಿರುವುದು ಮೂರು ಮುಕ್ಕಾಲಿ, ಎರಡು ಗಳದಲ್ಲಿ ಇಬ್ಬರು ಮಲಗುವ ಹಾಗೆ ಮಾಡಬಹುದಾ ಅಂತ. ನಡುವಿನ ಮುಕ್ಕಾಲಿಗೆ ಎರಡರಷ್ಟು ತೂಕ ಬರುತ್ತದೆ, ಅದಕ್ಕೆ ಒಂದಿಂಚಿನ ಪೈಪ್ ಸಾಲುತ್ತದೆ ಅಂತ ಲೆಕ್ಕ ಹೇಳುತ್ತಿದೆ. ಒಬ್ಬರು ಎದ್ದಾಗ ಇನ್ನೊಬ್ಬರ ಹ್ಯಾಮಕ್ ಅಲ್ಲಾಡೋದು ಮಾತ್ರ ಇನ್ನೂ ನಿಂತಿಲ್ಲ.