ಕಲೋನ್ ಪ್ರಧಾನಾಲಯವನ್ನು ನೋಡುವ ಬಗೆ

ಜರ್ಮನಿಯ ಕಲೋನ್ ನಗರದ ಮುಖ್ಯ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ, ಮಸಿ ಹಿಡಿದಂತೆ ಕಪ್ಪಾಗಿರುವ ಪ್ರಧಾನಾಲಯದ, ಅಂದರೆ ಬಿಷಪ್ಪರ ಪೀಠವಿರುವ ಚರ್ಚಿನ (ಕ್ಯಾಥೆಡ್ರಲ್), ಗೋಡೆ ಎದುರಿಗೇ ಇರುತ್ತದೆ. ಇಷ್ಟು ಹತ್ತಿರವಿರುವುದೇ ಒಂದು ತೊಡಕು; ರೈಲು ಬದಲಾಯಿಸುವ ಅರ್ಧ ಗಂಟೆಯಲ್ಲಿ ಒಳಗೆ ಹೋಗಿ, ಕತ್ತೆತ್ತಿ ನೋಡಿ, ನಾಲ್ಕು ಫೋಟೊ ತೆಗೆದು ಮರಳುವವರು ಬಹಳ. ಈ ಕಟ್ಟಡಕ್ಕೆ ಕನಿಷ್ಠ ಮೂರು ಗಂಟೆ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. 1248ರಲ್ಲಿ ಅಡಿಗಲ್ಲು ಕಂಡು 1880ರಲ್ಲಿ ಮುಗಿದ ಈ ಚರ್ಚಿನಲ್ಲಿ ಯಾವ ಭಾಗ ಯಾವ ಕಾಲದ್ದೆಂದು ಗುರುತಿಸುತ್ತ ನಡೆಯುವುದೇ ಅದನ್ನು ನೋಡುವ ಸರಿಯಾದ ಕ್ರಮ. ಆ ಅರಿವಿಲ್ಲದೆ ಹೋದರೆ ಎಲ್ಲವೂ ಒಂದೇ ಕೈಯ ಕೆಲಸದಂತೆ ಕಂಡು, ಎತ್ತರವೊಂದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ಹೊರಡುವ ಮುನ್ನಾದಿನ ಪ್ರಧಾನಾಲಯದ ಅಧಿಕೃತ ಜಾಲತಾಣದಲ್ಲಿ ಬಲಿಪೂಜೆಯ (ಚರ್ಚಿನ ಸಾಮೂಹಿಕ ಆರಾಧನೆ, ಮಾಸ್) ಸಮಯ, ಪ್ರವೇಶದ ನಿಯಮ ಮತ್ತು ಶುಲ್ಕಗಳನ್ನು ನೋಡಿಕೊಳ್ಳಬೇಕು. ಬಲಿಪೂಜೆ ನಡೆಯುವಾಗ ಪ್ರವಾಸಿಗಳು ಒಳಗೆ ಓಡಾಡುವಂತಿಲ್ಲ. ಭಾನುವಾರದ ಬೆಳಗಿನ ಹೊತ್ತು ಹೆಚ್ಚಾಗಿ ಪ್ರಾರ್ಥನೆಗೇ ಸಲ್ಲುವುದರಿಂದ ವಾರದ ಬೇರೆ ದಿನ ಹೋಗುವುದು ಲೇಸು. ದೊಡ್ಡ ಸೂಟ್‌ಕೇಸುಗಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಅವನ್ನು ನಿಲ್ದಾಣದ ಲಾಕರಿನಲ್ಲಿಟ್ಟು ಬರಬೇಕು. ನಮ್ಮ ಅಭ್ಯಾಸಕ್ಕೆ ವಿರುದ್ಧವಾಗಿ ಇಲ್ಲಿ ಚಪ್ಪಲಿ ಬಿಡಬೇಕಾಗಿಲ್ಲ, ಆದರೆ ಗಂಡಸರು ಟೋಪಿ ತೆಗೆಯಬೇಕು. ಕೆಂಪು ನಿಲುವಂಗಿ ತೊಟ್ಟು ಓಡಾಡುವವರು ಚರ್ಚಿನ ಕಾವಲು ಸಿಬ್ಬಂದಿ. ಅವರ ಕೈಸನ್ನೆಯನ್ನು ಮೀರಬಾರದು. ಜೊತೆಗೆ ಒಂದು ಚಿಕ್ಕ ದುರ್ಬೀನು ಒಯ್ದರೆ ಮೇಲಿನ ಗಾಜುಗಳನ್ನು ನೋಡಲು ಕ್ಯಾಮೆರಾಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಳಹೋಗುವ ಮೊದಲು ಪಶ್ಚಿಮದ ಅಂಗಳದಲ್ಲಿ ಕಾಲು ಗಂಟೆ ನಿಲ್ಲಿ. ಅಲ್ಲಿ ಗೋಪುರದ ತುದಿಯ ಕಲ್ಲಿನ ಹೂವಿನ ನೈಜ ಅಳತೆಯ ಪ್ರತಿರೂಪವನ್ನು ನಿಲ್ಲಿಸಿದ್ದಾರೆ. ಸುಮಾರು ಒಂಬತ್ತೂವರೆ ಮೀಟರ್ ಎತ್ತರದ ಅದರ ಪಕ್ಕದಲ್ಲಿ ನಿಂತರೆ ಒಂದೊಂದು ಎಲೆಯೂ ಆಳಿನಷ್ಟು ದೊಡ್ಡದೆನಿಸುತ್ತದೆ. ಅದೇ ಹೂವನ್ನು 157 ಮೀಟರ್ ಎತ್ತರದಲ್ಲಿ ಹುಡುಕಿದರೆ ಮೊಗ್ಗಿನಷ್ಟು ಕಾಣುತ್ತದೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಸ್ಫೂರ್ತಿಯಾದದ್ದು ಇದೇ ಕಟ್ಟಡವೆಂದು ಹೇಳುತ್ತಾರೆ. ಮೈಸೂರಿನ ಜೋಡಿ ಗೋಪುರಗಳು ಸುಮಾರು 175 ಅಡಿ. ಇವು ಹತ್ತಿರ ಹತ್ತಿರ ಅದರ ಮೂರು ಪಟ್ಟು.

ಮುಂಭಾಗದ ಬಾಗಿಲುಗಳಲ್ಲಿ, ನಿಮ್ಮ ಬಲಗೈ ಬದಿಯದು ಮಾತ್ರ ಮಧ್ಯಯುಗದ್ದು. ಹದಿನಾರನೆಯ ಶತಮಾನದಲ್ಲಿ ಕೆಲಸ ನಿಂತಾಗ ದಕ್ಷಿಣದ ಗೋಪುರ ಅರ್ಧಕ್ಕೂ ತಲುಪಿರಲಿಲ್ಲ. ಅದರ ನೆತ್ತಿಯ ಮೇಲೆ ಕಲ್ಲೆತ್ತುವ ಮರದ ಕ್ರೇನು 1868ರವರೆಗೂ ಹಾಗೆಯೇ ನಿಂತು, ಊರಿನ ಗುರುತಾಗಿಬಿಟ್ಟಿತ್ತು. ಕೆಲಸ ಮತ್ತೆ ಶುರುವಾದದ್ದು 1842ರಲ್ಲಿ. ಅಷ್ಟರಲ್ಲಿ ಪಶ್ಚಿಮ ಮುಖದ ಮಧ್ಯಯುಗದ ನಕ್ಷೆ ಎರಡು ತುಂಡಾಗಿ, ಒಂದು 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ, ಇನ್ನೊಂದು 1816ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿತ್ತು. ಹೀಗಾಗಿ ಹೊಸಬರು ತಮ್ಮ ಮನಸ್ಸಿಗೆ ಬಂದಂತೆ ಕಟ್ಟದೆ, ಆ ಹಳೆಯ ನಕ್ಷೆಯನ್ನು ಅನುಸರಿಸಿ ಗೋಪುರಗಳನ್ನು ಮುಗಿಸಿದರು.

ಬಾಗಿಲು ದಾಟಿದ ಕೂಡಲೇ ಮುಂದಕ್ಕೆ ನುಗ್ಗದೆ, ಕಣ್ಣು ಮಬ್ಬಿಗೆ ಹೊಂದಿಕೊಳ್ಳುವವರೆಗೆ ಒಂದು ಕಂಬದ ಬಳಿ ನಿಲ್ಲಿ. ಚಾವಣಿ 43 ಮೀಟರ್ ಮೇಲಿದೆ. ಚೂಪುಗಮಾನುಗಳು ಮತ್ತು ಕಲ್ಲಿನ ಪಕ್ಕೆಲುಬುಗಳು ಚಾವಣಿಯ ಭಾರವನ್ನು ಕಂಬಗಳಿಗೆ ಇಳಿಸುತ್ತವೆ. ಕಂಬಗಳು ಹೊರಕ್ಕೆ ವಾಲದಂತೆ, ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಟ್ಟ ಹಾಗೆ, ಹೊರಗಿನಿಂದ ಓರೆಗಮಾನುಗಳು ಆನಿಸಿ ಹಿಡಿದಿವೆ. ಭಾರ ಹೊರುವ ಕೆಲಸದಿಂದ ಬಿಡುಗಡೆಯಾದ ಗೋಡೆಯ ಜಾಗದಲ್ಲಿಯೇ ಈ ಬೃಹತ್ ಕಿಟಕಿಗಳು ಬಂದವು.

ನಂತರ ಶಿಲುಬೆಯಾಕಾರದ ಎರಡು ತೋಳುಗಳು ಕೂಡುವ ನಡುಭಾಗಕ್ಕೆ ಬನ್ನಿ. ನಿಮ್ಮ ಮುಂದೆ, ಪೂರ್ವಕ್ಕಿರುವ ಭಾಗ 1322ರಲ್ಲಿ ಪ್ರತಿಷ್ಠೆಗೊಂಡದ್ದು. ಬೆನ್ನ ಹಿಂದೆ ಇರುವುದರಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದ್ದು. ಇವೆರಡರ ನಡುವೆ ಎಬ್ಬಿಸಿದ್ದ ತಾತ್ಕಾಲಿಕ ಗೋಡೆಯನ್ನು ಕೆಡವಿದ್ದು 1863ರಲ್ಲಿ. ತಾತ್ಕಾಲಿಕವೆಂದು ಕಟ್ಟಿದ್ದು ಐದು ನೂರು ವರ್ಷಕ್ಕೂ ಮಿಕ್ಕಿ ಬಾಳುವುದು ಸರ್ಕಾರಿ ಕಾಮಗಾರಿಗಳಲ್ಲಷ್ಟೇ ಅಲ್ಲ ಎಂದು ನನಗೆ ಅನ್ನಿಸಿದ್ದು ಇಲ್ಲಿ ನಿಂತಾಗಲೇ.

ಇಲ್ಲಿಂದ ಪೂಜಾಪೀಠದ ಹಿಂದಿನ ಪ್ರದಕ್ಷಿಣಾ ಪಥವನ್ನು ಎಡಗಡೆಯಿಂದ ಹಿಡಿಯಿರಿ. ನಮ್ಮ ದೇವಸ್ಥಾನದ ಪ್ರದಕ್ಷಿಣೆಯ ದಿಕ್ಕೂ ಅದೇ. ಮೊದಲು ಸಿಗುವ ಗೆರೋ ಶಿಲುಬೆ, ಅಂದರೆ ಶಿಲುಬೆಗೇರಿದ ಯೇಸುವಿನ ಪ್ರತಿಮೆ, ಹತ್ತನೆಯ ಶತಮಾನದ ಓಕ್ ಮರದ ಕೆತ್ತನೆಯಾಗಿದ್ದು, ಈಗಿನ ಕಟ್ಟಡಕ್ಕಿಂತ ಹಳೆಯದು. ಮುಚ್ಚಿದ ಕಣ್ಣು, ಭುಜಕ್ಕೆ ಒರಗಿದ ತಲೆ, ಮೈಭಾರಕ್ಕೆ ಎಳೆದುಕೊಂಡ ತೋಳು, ಮುಂದೆ ಬಂದ ಹೊಟ್ಟೆ: ಗೆದ್ದ ದೇವರನ್ನಲ್ಲ, ಸತ್ತ ಮನುಷ್ಯನನ್ನು ಕೆತ್ತಿದ ಈ ಕೈಯ ಮುಂದೆ ನಿಲ್ಲಲು ಹತ್ತು ನಿಮಿಷವೂ ಕಡಿಮೆಯೇ. ಪಥದ ನಟ್ಟನಡುವಿನ ಗುಡಿಯಲ್ಲಿ 1260ರ ಸುಮಾರಿನ ಗಾಜಿನ ಕಿಟಕಿಯಿದೆ. ಅದರ ಎದುರಿಗೆ, ಪೂಜಾಪೀಠದ ಹಿಂಬದಿಯಲ್ಲಿ, ಶಿಶು ಯೇಸುವನ್ನು ಕಾಣಲು ಬಂದರೆಂದು ಬೈಬಲ್ ಹೇಳುವ ಮೂವರು ಜ್ಞಾನಿಗಳ ಬಂಗಾರದ ಪೆಟ್ಟಿಗೆ ಕಾಣುತ್ತದೆ. ಅವರವೆಂದು ನಂಬಲಾದ ಅಸ್ಥಿಗಳನ್ನು 1164ರಲ್ಲಿ ಮಿಲಾನಿನಿಂದ ತಂದ ಮೇಲೆ ಯಾತ್ರಿಕರು ಹರಿದುಬಂದರು; ಇಷ್ಟು ದೊಡ್ಡ ಚರ್ಚು ಬೇಕಾದದ್ದಕ್ಕೆ ಅದೂ ಒಂದು ಕಾರಣ. ಮುಂದೆ ಬಲಬದಿಯಲ್ಲಿ ಸ್ಟೆಫಾನ್ ಲಾಕ್ನರ್ ಬರೆದ ಹದಿನೈದನೆಯ ಶತಮಾನದ ಚಿತ್ರಪಟ ಸಿಗುತ್ತದೆ.

ದಕ್ಷಿಣದ ತೋಳಿನಲ್ಲಿ ಜರ್ಮನ್ ಕಲಾವಿದ ಗೆರ್ಹಾರ್ಡ್ ರಿಕ್ಟರ್ ವಿನ್ಯಾಸಗೊಳಿಸಿದ, 2007ರಲ್ಲಿ ಕೂಡಿಸಿದ ಕಿಟಕಿಯಿದೆ. ಅದರಲ್ಲಿ ಸಂತರಿಲ್ಲ, ಕಥೆಯಿಲ್ಲ. 72 ಬಣ್ಣಗಳ 11,263 ಚೌಕಗಳಷ್ಟೇ. ಬಿಸಿಲಿರುವ ದಿನ ನಡುಹಗಲಿಗೆ ಇಲ್ಲಿರುವಂತೆ ಹೊತ್ತು ಹೊಂದಿಸಿಕೊಳ್ಳಿ, ಏಕೆಂದರೆ ಆಗ ನೋಡಬೇಕಾದದ್ದು ಗಾಜನ್ನಲ್ಲ, ಕಂಬದ ಮೇಲೂ ನೆಲದ ಮೇಲೂ ಚೆಲ್ಲಿ ಮೆಲ್ಲಗೆ ಸರಿಯುವ ಬಣ್ಣವನ್ನು.

ದಕ್ಷಿಣ ಗೋಪುರ ಹತ್ತಲು ಬೇರೆ ಟಿಕೆಟು ಬೇಕು. ಒಟ್ಟು 533 ಮೆಟ್ಟಿಲು, ಲಿಫ್ಟ್ ಇಲ್ಲ. ಸುರುಳಿ ಮೆಟ್ಟಿಲು ಕಿರಿದಾಗಿದ್ದು, ಹತ್ತುವವರೂ ಇಳಿಯುವವರೂ ಒಬ್ಬರಿಗೊಬ್ಬರು ಮೈಯೊತ್ತಿಕೊಂಡೇ ಸಾಗಬೇಕು. ದಾರಿಯಲ್ಲಿ ಸಿಗುವ, 1923ರಲ್ಲಿ ಎರಕ ಹೊಯ್ದ 24 ಟನ್ ತೂಕದ ಗಂಟೆಯನ್ನು ನೋಡಲಾದರೂ ಮಂಡಿ ಗಟ್ಟಿಯಿರುವವರು ಹತ್ತಬಹುದು. ಸಮಯ ಸಾಲದೆ ಏನನ್ನಾದರೂ ಬಿಡಬೇಕಾದರೆ ನಾನು ಬಿಡುವುದು ಇದನ್ನೇ, ಏಕೆಂದರೆ ಮೇಲಿನಿಂದ ಊರು ಕಾಣುತ್ತದೆಯೇ ಹೊರತು ಚರ್ಚು ಕಾಣುವುದಿಲ್ಲ.

ಅದರ ಬದಲು ಸಂಜೆ ನಿಲ್ದಾಣದ ಹಿಂದಿನ ಹೋಹೆನ್‌ತ್ಸೊಲ್ಲರ್ನ್ ಸೇತುವೆಯ ಮೇಲೆ ನಡೆದು ರೈನ್ ನದಿಯ ಆಚೆ ದಡಕ್ಕೆ ಹೋಗಿ. ಒಳಗೆ ನೀವು ಸುತ್ತಿಬಂದ ಪೂರ್ವದ ಭಾಗ, ಅದನ್ನು ಆನಿಸಿ ಹಿಡಿದ ಓರೆಗಮಾನುಗಳ ಸಮೇತ ಅಲ್ಲಿಂದ ಕಾಣುತ್ತದೆ. ದುರ್ಬೀನಿನಲ್ಲಿ ನಿಧಾನವಾಗಿ ನೋಡಿದರೆ ಕಪ್ಪು ಕಲ್ಲುಗಳ ನಡುವೆ ಅಲ್ಲಲ್ಲಿ ತಿಳಿ ಬಣ್ಣದ ತುಂಡುಗಳು ಕಣ್ಣಿಗೆ ಬೀಳುತ್ತವೆ. ಪ್ರಧಾನಾಲಯದ ಸ್ವಂತ ಕಾರ್ಯಾಗಾರದ ಕಲ್ಲುಕುಟಿಗರು ಸವೆದ ಕಲ್ಲು ತೆಗೆದು ಹೊಸತು ಕೂರಿಸಿದ ಜಾಗಗಳು ಅವು.