ಉಪ್ಪುಗಾಳಿಯ ಊರಲ್ಲಿ ಗಿಟಾರ್ ತಂತಿ ಆರಿಸುವುದು

ಕಾರವಾರದ ಬೈತಖೋಲ ಬಂದರಿನ ಹತ್ತಿರ ಒಂದು ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವುದು ನನ್ನ ಹಗಲಿನ ಕೆಲಸ. ಸಂಜೆ ಕೋಡಿಬಾಗದ ಮನೆಯಲ್ಲಿ ಏಳೆಂಟು ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಸರ್, ತಂತಿ ಯಾವುದು ತರಲಿ?" ನಿನ್ನ ಗಿಟಾರ್ ಯಾವುದಪ್ಪಾ ಅಂದರೆ, "ಕಂದು ಬಣ್ಣದ್ದು ಸರ್" ಅನ್ನುತ್ತಾರೆ.

ನಗಬೇಡಿ. ಅವರ ವಯಸ್ಸಲ್ಲಿ ನನಗೂ ಅಷ್ಟೇ ಗೊತ್ತಿತ್ತು. ಪಿಯುಸಿ ಓದುವಾಗ ಸೋದರಮಾವ ಒಂದು ಹಳೇ ಗಿಟಾರ್ ಕೊಟ್ಟಿದ್ದರು. ಅದರ ಮೂರು ತೆಳು ತಂತಿಗಳು ಗಾಳದ ದಾರದ ಹಾಗಿದ್ದವು. ಸದ್ದು ಸಾಲದು ಅನಿಸಿತು. ಮಡಗಾಂವಿಗೆ ಹೋದಾಗ ಒಂದು ಸ್ಟೀಲ್ ಸೆಟ್ ತಂದು ಬಿಗಿದೆ. ಎರಡು ದಿನ ಝಣಝಣ ಅಂತಿತ್ತು. ಮೂರನೇ ರಾತ್ರಿ ಫಟ್ ಅಂತ ಸದ್ದು. ಹಂಚಿನ ಮೇಲೆ ತೆಂಗಿನಕಾಯಿ ಬಿತ್ತು ಅಂತ ಅಪ್ಪ ಟಾರ್ಚ್ ಹಿಡಿದು ಅಂಗಳಕ್ಕೆ ಓಡಿದರು. ನೋಡಿದರೆ ಗಿಟಾರಿನ ಬ್ರಿಜ್, ಅಂದರೆ ತಂತಿಗಳ ಬುಡ ಹಿಡಿದಿಡುವ ಮರದ ಪಟ್ಟಿ, ಮೇಲುಹಲಗೆಯ ಚೂರುಗಳನ್ನೂ ಕಿತ್ತುಕೊಂಡು ಎದ್ದು ಬಂದಿತ್ತು.

ಕಾರಣ ಸರಳ. ಅದು ನೈಲಾನ್ ತಂತಿಯ ಗಿಟಾರ್. ನೈಲಾನ್ ತಂತಿ ಆರೂ ಸೇರಿ ಎಳೆಯುವುದು ಸುಮಾರು 40 ಕೆಜಿ. ಸ್ಟೀಲಿನ ಸಾಮಾನ್ಯ ಸೆಟ್ 70 ಕೆಜಿ ದಾಟುತ್ತದೆ. ಅಂದರೆ 25 ಕೆಜಿಯ ಒಂದೂವರೆ ಅಕ್ಕಿಮೂಟೆ ತೂಗಿಹಾಕುವ ಮೊಳೆಗೆ ಸುಮಾರು ಮೂರು ಮೂಟೆ ನೇತುಹಾಕಿದ ಹಾಗೆ. ಹಾಗಾಗಿ ಮೊದಲು ನಿಮ್ಮ ಗಿಟಾರ್ ನೋಡಿ. ತಂತಿಯನ್ನು ಬ್ರಿಜ್‌ಗೆ ಗಂಟು ಹಾಕಿ ಕಟ್ಟಿದ್ದರೆ, ಕತ್ತು ಅಗಲವಾಗಿದ್ದರೆ ಅದು ಬಹುಶಃ ಕ್ಲಾಸಿಕಲ್, ಅದಕ್ಕೆ ನೈಲಾನ್ ಮಾತ್ರ. ಗುಂಡುಗುಂಡನೆಯ ಪಿನ್ ಒತ್ತಿ ತಂತಿ ಕೂರಿಸಿದ್ದರೆ ಸ್ಟೀಲ್. ನೈಲಾನ್ ಸೆಟ್ಟಿನ ದಪ್ಪ ತಂತಿಗಳೂ ಬೆಳ್ಳಿಯ ಹಾಗೆ ಹೊಳೆಯುತ್ತವೆ, ಮೋಸ ಹೋಗಬೇಡಿ. ಒಳಗೆ ನೈಲಾನ್ ಎಳೆ, ಹೊರಗೆ ಲೋಹ ಸುತ್ತಿರುತ್ತಾರೆ. ಅನುಮಾನ ಬಂದರೆ ಫ್ರಿಜ್ಜಿನ ಬಾಗಿಲ ಮೇಲಿನ ಮ್ಯಾಗ್ನೆಟ್ ತಂದು ಮುಟ್ಟಿಸಿ. ಸ್ಟೀಲ್ ಆದರೆ ಹಿಡಿಯುತ್ತದೆ.

ಆಮೇಲೆ ದಪ್ಪದ ಮಾತು. ಪ್ಯಾಕೆಟ್ ಮೇಲೆ 10-47, 11-52, 12-53 ಅಂತೆಲ್ಲ ಬರೆದಿರುತ್ತದೆ. ಮೊದಲನೆಯದು ಅತಿ ತೆಳು ತಂತಿ, ಎರಡನೆಯದು ಅತಿ ದಪ್ಪದ್ದು. ಲೆಕ್ಕ ಇಂಚಿನ ಸಾವಿರದ ಭಾಗದಲ್ಲಿ. 12 ಅಂದರೆ ಸುಮಾರು 0.3 ಮಿಲಿಮೀಟರ್, 10 ಅಂದರೆ ಕಾಲು ಮಿಲಿಮೀಟರ್. ಕೂದಲೆಳೆಯ ವ್ಯತ್ಯಾಸ ಅಲ್ವಾ ಅನಿಸಬಹುದು. ಆದರೆ ಸರಿಯಾದ ಸ್ವರಕ್ಕೆ ಬಿಗಿದಾಗ 12ರ ಮೊದಲ ತಂತಿ ಹತ್ತೂವರೆ ಕೆಜಿಯಷ್ಟು ಎಳೆಯುತ್ತದೆ, 10ರದ್ದು ಏಳೂಕಾಲು. ಬೆರಳ ತುದಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಕಲಿಯುವವರಿಗೆ ನಾನು ಹೇಳುವುದು 10 ಅಥವಾ 11. ದಪ್ಪ ತಂತಿಯಲ್ಲಿ ನಾದ ತುಂಬಿ ಬರುತ್ತದೆ, ನಿಜ. ಆದರೆ ಒಂದೇ ಬೆರಳಲ್ಲಿ ಹಲವು ತಂತಿ ಒತ್ತಬೇಕಾದ ಎಫ್ ಕಾರ್ಡ್ (ಸ್ವರಗುಚ್ಛ) ಹಿಡಿಯಲಾಗದೆ ಎರಡನೇ ತಿಂಗಳಿಗೇ ಗಿಟಾರ್ ಅಟ್ಟ ಸೇರಿದರೆ ಆ ನಾದ ತಗೊಂಡು ಏನು ಮಾಡುವುದು? ನನ್ನ ಹತ್ತಿರ ಬರುವ ಒಬ್ಬ ಹುಡುಗ ಬೆಳಿಗ್ಗೆ ಮನೆಯವರ ಜೊತೆ ಮೀನಿನ ಬಲೆ ಬಿಡಿಸುತ್ತಾನೆ. ಅವನ ಬೆರಳು ಆಗಲೇ ಗಟ್ಟಿಯಾಗಿತ್ತು. ಅವನಿಗೆ ಮೊದಲ ದಿನವೇ 12 ಹಾಕಿಕೊಟ್ಟೆ. ಎಲೆಕ್ಟ್ರಿಕ್ ಗಿಟಾರಿನ ದಾರಿ ಬೇರೆ. ಅದಕ್ಕೆ ನಿಕಲ್ ಲೇಪದ ಸ್ಟೀಲ್ ತಂತಿ, 9-42 ಅಥವಾ 10-46. ತಂತಿಯ ಕಂಪನ ಹಿಡಿಯುವ ಅದರ ಪಿಕಪ್ ಮ್ಯಾಗ್ನೆಟ್ ಲೆಕ್ಕದಲ್ಲಿ ಕೆಲಸ ಮಾಡುವುದರಿಂದ ಕಂಚಿನ ಸೆಟ್ ಹಾಕಿದರೆ ದಪ್ಪ ತಂತಿಗಳ ಸದ್ದು ಸೊರಗುತ್ತದೆ.

ಇನ್ನು ಲೋಹ. ಕಾರವಾರದಲ್ಲಿ ಇರುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಅಕೌಸ್ಟಿಕ್, ಅಂದರೆ ಕರೆಂಟ್ ಬೇಡದ ಗಿಟಾರಿನ ಸ್ಟೀಲ್ ಸೆಟ್ಟಿನಲ್ಲಿ ದಪ್ಪ ತಂತಿಗಳ ಸ್ಟೀಲ್ ಎಳೆಗೆ ಸುತ್ತುವ ಲೋಹದಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು 80/20 ಬ್ರಾಂಜ್. ಹೆಸರಿಗೆ ಕಂಚು, ಆದರೆ ಅದರಲ್ಲಿರುವುದು 80 ಭಾಗ ತಾಮ್ರ, 20 ಭಾಗ ಸತು. ನಮ್ಮ ಭಾಷೆಯಲ್ಲಿ ಅದು ಹಿತ್ತಾಳೆ! ಹೊಸದರಲ್ಲಿ ಗಿಲಿಗಿಲಿ ಅನ್ನುತ್ತದೆ, ಬೇಗ ಮಂಕಾಗುತ್ತದೆ. ಇನ್ನೊಂದು ಫಾಸ್ಫರ್ ಬ್ರಾಂಜ್, ಇದು ತವರ ಬೆರೆತ ನಿಜವಾದ ಕಂಚು. ಗಿಟಾರಿಗೆ ಇದನ್ನು 1974ರಲ್ಲಿ ತಂದಿದ್ದು ಡಿ'ಅಡಾರಿಯೊ ಕಂಪನಿ. ಸದ್ದು ಕೊಂಚ ಬೆಚ್ಚಗೆ, ಬಾಳಿಕೆ ಜಾಸ್ತಿ. ನಮ್ಮ ಉಪ್ಪುಗಾಳಿಗೆ ನನ್ನ ಓಟು ಇದಕ್ಕೇ.

ಅದೂ ಸಾಲದಿದ್ದರೆ ಕೋಟಿಂಗ್ ಇರುವ ತಂತಿ. ಮಳೆ ಜಾಕೆಟ್ಟಿನ ಗೋರ್-ಟೆಕ್ಸ್ ಬಟ್ಟೆ ಮಾಡುವ ಕಂಪನಿಯೇ ಎಲಿಕ್ಸಿರ್ ತಂತಿಗಳನ್ನೂ ಮಾಡುತ್ತದೆ. ತೆಳ್ಳಗಿನ ಪೊರೆ ಇರುವುದರಿಂದ ಬೆವರು, ತೇವ ಸುರುಳಿಯ ಸಂದಿಗೆ ಇಳಿಯುವುದಿಲ್ಲ. ಬೆಲೆ ಕೇಳಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ನನ್ನ ಮನೆಯ ಲೆಕ್ಕ ಹೇಳುತ್ತೇನೆ: ಜೂನ್-ಜುಲೈಯಲ್ಲಿ ಸಾದಾ ಸೆಟ್ ಮೂರು ವಾರಕ್ಕೆ ಸತ್ತಿತು, ಕೋಟಿಂಗ್ ಇದ್ದದ್ದು ಗಣೇಶ ಚೌತಿ ದಾಟಿತು. ದಿನಾ ನುಡಿಸುವವರು, ತಂತಿ ಬದಲಿಸಲು ಬೇಸರ ಇಲ್ಲದವರು ಸಾದಾ ಸೆಟ್ಟನ್ನೇ ಆಗಾಗ ಹಾಕಿ. ವಾರಕ್ಕೊಮ್ಮೆ ಚರ್ಚಿನಲ್ಲೋ ಭಜನೆಯಲ್ಲೋ ನುಡಿಸಿ ಗೋಡೆಗೆ ನೇತುಹಾಕುವವರಿಗೆ ಕೋಟಿಂಗ್ ಇದ್ದದ್ದೇ ಅಗ್ಗ.

ತುಕ್ಕು ಮೊದಲು ಹಿಡಿಯುವುದು ಸುತ್ತು ಇಲ್ಲದ ಎರಡು ತೆಳು ತಂತಿಗಳಿಗೆ. ಬೆರಳು ಜಾರಿಸಿ ನೋಡಿ, ಮರಳು ಮರಳು ಅನಿಸಿದರೆ ಮುಗಿಯಿತು. ಹಾಗಾಗಿ ಸೆಟ್ ತರುವಾಗ ಬಿಡಿಯಾಗಿ ಒಂದೆರಡು ಮೊದಲ ತಂತಿ ಜೊತೆಗೆ ತನ್ನಿ. ನುಡಿಸಿದ ಮೇಲೆ ಹಳೇ ಪಂಚೆಯ ಒಣ ಚೂರಿನಿಂದ ಒಂದೊಂದೇ ತಂತಿಯನ್ನು ಹಿಡಿದು, ಅಡಿಭಾಗವೂ ಸೇರುವಂತೆ ಒರೆಸಿ. ಒಬ್ಬ ಹುಡುಗನ ಅಮ್ಮ ದೇವರ ದೀಪದ ಜೊತೆಗೆ ತಂತಿಗೂ ಹುಣಸೆಹುಳಿ ಹಾಕಿ ತಿಕ್ಕಿದ್ದರು. ಫಳಫಳ ಹೊಳೆಯಿತು, ಸದ್ದು ಹೊರಟಿದ್ದು ಮಾತ್ರ ಒದ್ದೆ ಹಗ್ಗದ್ದು. ಕೊಬ್ಬರಿ ಎಣ್ಣೆಯೂ ಬೇಡ.

ಶಿರಸಿಯಿಂದ ರಜೆಗೆ ಬರುವ ಹುಡುಗಿಯೊಬ್ಬಳು "ನಮ್ಮಲ್ಲಿ ಉಪ್ಪುಗಾಳಿ ಇಲ್ವಲ್ಲ ಸರ್" ಅಂತ ವಾದ ಮಾಡಿದಳು. ಇಲ್ಲ, ಒಪ್ಪಿದೆ. ಆದರೆ ಆಷಾಢದಲ್ಲಿ ಅವಳ ಗಿಟಾರ್ ಚೀಲದ ಒಳಗೆ ಬೂಷ್ಟು ಬೆಳೆದಿತ್ತು. ಘಟ್ಟದ ಮೇಲಿನವರೂ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪುಡಿಕೆ ಇಡುವುದು ಒಳ್ಳೆಯದು.

ಅಂಗಡಿಯಲ್ಲಿ ಕಾಗದದ ಲಕೋಟೆಯಲ್ಲಿ ಬರುವ ತಂತಿಯನ್ನು ತೆಗೆಸಿ ನೋಡಿ. ವರ್ಷಗಟ್ಟಲೆ ನೇತಾಡಿದ್ದರೆ ಒಳಗೇ ಕಂದು ಚುಕ್ಕಿ ಬಿದ್ದಿರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಪ್ಯಾಕೆಟ್ ಆದರೆ ಚಿಂತೆ ಇಲ್ಲ. ಹಾಕಿದ ತಾರೀಕನ್ನು ಖಾಲಿ ಪ್ಯಾಕೆಟ್ ಮೇಲೆ ಬರೆದು ಚೀಲದಲ್ಲಿಡಿ. ಉಳಿದ ಸೆಟ್‌ಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ನಾನು ಹಪ್ಪಳದ ಡಬ್ಬದಲ್ಲೇ ಇಡುತ್ತಿದ್ದೆ. ಮನೆಯಾಕೆ ಕರಿಯಲು ತೆಗೆದಾಗ ಕೈಗೆ ತಂತಿ ಚುಚ್ಚಿತು. ಈಗ ಬೇರೆ ಡಬ್ಬ ತಂದಿದ್ದೇನೆ.