ಡಿಕ್ಕಿ ತುಂಬುವ ಮುಂಚೆ ಹಾಸಿಗೆ ಸುತ್ತುವುದು ಕಲಿಯಿರಿ

ಮೂಡಿಗೆರೆ, ಸಕಲೇಶಪುರದ ಕಡೆ ಯಾವುದೋ ತೋಟದ ಅಂಗಳದಲ್ಲಿ ಟೆಂಟ್ ಹೊಡೆದು ಎರಡು ರಾತ್ರಿ ಮಲಗಿ ಬರುತ್ತೇವೆ ಅಂತ ಕಾರು ಹತ್ತುವ ಹುಡುಗರು ಡಿಕ್ಕಿ ತುಂಬುವುದನ್ನು ನೋಡಿದರೆ ಮೈ ಉರಿಯುತ್ತದೆ. ಟೆಂಟ್ ಎಲ್ಲಕ್ಕಿಂತ ಮೊದಲು ಒಳಗೆ. ಅದರ ಮೇಲೆ ಸ್ಟೌವ್, ಬಟ್ಟೆ ಬ್ಯಾಗು, ಸಂದಿಗೊಂದಿಗೆಲ್ಲ ಚಿಪ್ಸ್ ಪ್ಯಾಕೆಟ್ಟು. ಕತ್ತಲಾದ ಮೇಲೆ ಅಲ್ಲಿ ಇಳಿದು, ಬಾಯಲ್ಲಿ ಮೊಬೈಲು ಕಚ್ಚಿಕೊಂಡು, ತಳದಲ್ಲಿರುವ ಟೆಂಟಿಗಾಗಿ ಮನೆಯ ಸಾಮಾನನ್ನೆಲ್ಲ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಸುರಿಯುತ್ತಾರೆ. ಎತ್ತಿನ ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದವರು ಇವರಿಗಿಂತ ಬುದ್ಧಿವಂತರು. ಇಳಿದ ಕೂಡಲೇ ಬೇಕಾದದ್ದು ಗಾಡಿಗೆ ಕೊನೆಯಲ್ಲಿ ಏರುತ್ತಿತ್ತು. ಎತ್ತಿಗೆ ಹಾಕುವ ಹುಲ್ಲನ್ನೇ ಕೆಳಗೆ ಹಾಸಿ ಮೇಲೆ ಜಮಖಾನ ಹೊದಿಸುತ್ತಿದ್ದರು. ದಾರಿಯಲ್ಲಿ ಅದು ಮಕ್ಕಳಿಗೆ ಮೆತ್ತೆ, ಊರು ಸೇರಿದ ಮೇಲೆ ಎತ್ತಿಗೆ ಮೇವು.

ಭಾರದ್ದೆಲ್ಲ ಕೆಳಗೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಿರಬೇಕು. ನಾಲ್ಕು ಜನ, ಎರಡು ದಿನ ಅಂದರೆ ಕುಡಿಯಲು, ಬೇಯಿಸಲು ಇಪ್ಪತ್ತು ಲೀಟರಿನ ಎರಡು ಕ್ಯಾನ್ ನೀರು ಬೇಕೇ ಬೇಕು. ಅದೇ 40 ಕೆಜಿ. ಎರಡನ್ನೂ ಒಂದೇ ಪಕ್ಕಕ್ಕೆ ಇಟ್ಟರೆ ಘಾಟಿಯ ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲುತ್ತದೆ, ಆಚೆಗೊಂದು ಈಚೆಗೊಂದು ಇಡಿ. ಮುಚ್ಚಳ ಬಿಗಿ ಮಾಡಿ ಮನೆಯಲ್ಲೇ ಒಮ್ಮೆ ಮಗುಚಿ ನೋಡಿ. ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಏನನ್ನೂ ಪೇರಿಸಬೇಡಿ. ಹಿಂದಿನ ಗಾಜಿನ ಹತ್ತಿರ ಇಟ್ಟ ಸುತ್ತಿಗೆ ಬ್ರೇಕ್ ಹಾಕಿದಾಗ ನೇರ ತಲೆಗೇ ಬಂದು ಬೀಳುತ್ತದೆ. ಇಷ್ಟು ತುಂಬಿದ ಮೇಲೆ ಹಿಂದಿನ ಚಕ್ರಕ್ಕೆ ಗಾಳಿ ಹೆಚ್ಚು ಬೇಕು. ಎಷ್ಟು ಅಂತ ಡ್ರೈವರ್ ಬಾಗಿಲು ತೆರೆದರೆ ಅಲ್ಲೇ ಚೀಟಿ ಅಂಟಿಸಿರುತ್ತಾರೆ, ಓದುವವರು ಯಾರು! ಸ್ಟೆಪ್ನಿಗೂ ಗಾಳಿ ಇದೆಯೇ ನೋಡಿ. ಬಹಳಷ್ಟು ಕಾರುಗಳಲ್ಲಿ ಜ್ಯಾಕು, ಸ್ಪ್ಯಾನರು ಇರುವುದು ಡಿಕ್ಕಿಯ ತಳದಲ್ಲಿ. ಅವೆರಡನ್ನೂ ಮೊದಲೇ ತೆಗೆದು ಮುಂದಿನ ಸೀಟಿನ ಕೆಳಗೆ ಇಟ್ಟುಕೊಳ್ಳಿ. ಜೊತೆಗೊಂದು ಗೇಣುದ್ದದ ಹಲಗೆ ತುಂಡು. ತೋಟದ ಮೆತ್ತನೆ ಮಣ್ಣಿನಲ್ಲಿ ಹಲಗೆ ಕೊಡದೆ ಜ್ಯಾಕು ಏರಿಸಿದರೆ ಕಾರು ಏಳುವುದಿಲ್ಲ, ಜ್ಯಾಕೇ ಹೂತುಹೋಗುತ್ತದೆ.

ಈಗ ಹಾಸಿಗೆಯ ವಿಷಯ. ಇದನ್ನು ನಾನು ಹೇಳಿದ ಹಾಗೇ ಮಾಡಿ, ನಡುವೆ ನಿಮ್ಮ ಜಾಣತನ ಬೇಡ. ರಾತ್ರಿ ಚಳಿ ಮೇಲಿಂದ ಬರುತ್ತದೆ ಅಂತ ಎರಡು ರಗ್ಗು ಹೊದೆಯುತ್ತೀರಿ, ಕೆಳಗೆ ಮಾತ್ರ ಒಂದು ಬೆಡ್‌ಶೀಟು. ಚಳಿ ಏರುವುದು ನೆಲದಿಂದ ಕಣ್ರೋ. ಗಾಳಿ ತುಂಬುವ ಹಾಸಿಗೆ ತಂದಿದ್ದೇವೆ ಅನ್ನಬೇಡಿ. ಅದರ ಹೊಟ್ಟೆಯೊಳಗಿನ ಗಾಳಿ ತಣ್ಣಗಾಗಿ ಸುತ್ತುತ್ತಲೇ ಇರುತ್ತದೆ, ಬೆಳಗಿನ ಜಾವ ಬೆನ್ನು ಮರಗಟ್ಟುತ್ತದೆ. ಅದೇ ಬೇಕೆಂದರೆ ಅದರ ಮೇಲೊಂದು ಕಂಬಳಿ ಹಾಸಿ.

ಒಬ್ಬರಿಗೆ ಒಂದು ಸುರುಳಿ. ಮನೆಯ ನಡುಮನೆಯಲ್ಲಿ ಒರೆಸಿ ಒಣಗಿಸಿದ ಟಾರ್ಪಾಲು ಹರಡಿ. ಮಲಗುವವರ ಉದ್ದಕ್ಕಿಂತ ಒಂದೂವರೆ ಮೊಳ ಹೆಚ್ಚಿರಲಿ, ಅಗಲಕ್ಕೆ ಎರಡೂ ಬದಿ ಒಂದೊಂದು ಗೇಣು ಮಿಗಲಿ. ಅದರ ಮೇಲೆ ಬೆರಳು ದಪ್ಪದ ಫೋಮ್ ಹಾಳೆ, ಸಿಗದಿದ್ದರೆ ಚಾಪೆಯ ಕೆಳಗೆ ನಾಲ್ಕೈದು ಪದರ ಪೇಪರ್. ಆಮೇಲೆ ಜಮಖಾನ, ಒಂದು ಕಂಬಳಿ, ಹತ್ತಿಯ ದುಪ್ಪಟಿ, ಹೊದೆಯುವ ಇನ್ನೊಂದು ಕಂಬಳಿ. ಪ್ರತಿ ಪದರವನ್ನೂ ಅಂಗೈಯಿಂದ ತೀಡಿ ಸುಕ್ಕು ತೆಗೆಯಬೇಕು, ಇಲ್ಲಿಯ ಸುಕ್ಕು ಅಲ್ಲಿ ಬೆನ್ನಿಗೆ ಒತ್ತುತ್ತದೆ. ದಿಂಬು ತರಬೇಡಿ, ದಿಂಬಿನ ಚೀಲ ಮಾತ್ರ ತನ್ನಿ. ಅದರೊಳಗೆ ಸ್ವೆಟರು, ಮಂಕಿ ಟೋಪಿ, ಉಣ್ಣೆಯ ಕಾಲುಚೀಲ, ಒಂದು ಪಂಚೆ ಮಡಿಸಿ ತುರುಕಿ. ಚಳಿಯಾದಾಗ ಹುಡುಕಾಡುವ ಗೋಜಿಲ್ಲ, ತಲೆಯ ಕೆಳಗೇ ಇರುತ್ತದೆ. ಟಾರ್ಚನ್ನೂ ಅದರಲ್ಲೇ, ಒಂದು ಸೆಲ್ ತಿರುಗಿಸಿ ಹಾಕಿ ಇಡಿ, ದಾರಿಯಲ್ಲಿ ಗುಂಡಿ ಒತ್ತಿಹೋದರೂ ಉರಿಯುವುದಿಲ್ಲ.

ಬದಿಯಲ್ಲಿ ಮಿಕ್ಕ ಟಾರ್ಪಾಲನ್ನು ಎರಡೂ ಕಡೆಯಿಂದ ಒಳಕ್ಕೆ ಮಡಚಿ. ಈಗ ತಲೆಯ ಕಡೆಯಿಂದ ಸುತ್ತಬೇಕು. ಎಲ್ಲರೂ ತಪ್ಪುವುದು ಇಲ್ಲೇ. ದಿಂಬೇ ಸುರುಳಿಯ ಗರ್ಭ. ಅರ್ಧ ಸುತ್ತು ಆದಾಗಲೆಲ್ಲ ಮೊಣಕಾಲು ಊರಿ ಗಾಳಿ ಹೊರಡಿಸಿ, ಮತ್ತೆ ಬಿಗಿದು ಸುತ್ತಿ. ಕೊನೆಗೆ ಕಾಲ ಕಡೆಯ ಖಾಲಿ ಟಾರ್ಪಾಲು ಸುರುಳಿಯನ್ನು ಪೂರ್ತಿ ಒಂದು ಸುತ್ತು ಮುಚ್ಚುತ್ತದೆ. ಹೀಗೆ ಮಾಡಿದರೆ ಅಲ್ಲಿ ಹೋದ ಮೇಲೆ ಟೆಂಟಿನ ಬಾಗಿಲಲ್ಲಿ ಕೂತು, ಕಾಲ ಕಡೆಯ ತುದಿ ಹಿಡಿದು ಸುರುಳಿಯನ್ನು ಒಳಕ್ಕೆ ತಳ್ಳಿದರೆ ಸಾಕು. ತಾನಾಗಿ ಬಿಚ್ಚಿಕೊಂಡು ಹೋಗಿ ದಿಂಬು ಆಚೆ ತುದಿಯಲ್ಲಿ ಕೂರುತ್ತದೆ. ಕೆಸರು ಕಾಲಲ್ಲಿ ಯಾರೂ ಒಳಗೆ ಕಾಲಿಡಬೇಕಿಲ್ಲ. ಕಟ್ಟಲು ನವಾರದ ಎರಡು ತುಂಡು, ಎರಡೂ ತುದಿಯಿಂದ ಗೇಣು ಬಿಟ್ಟು, ಬೂಟಿನ ಲೇಸಿಗೆ ಹಾಕುವ ಗಂಟು. ಪ್ಲಾಸ್ಟಿಕ್ ಹಗ್ಗ ಜಾರುತ್ತದೆ, ಕಡುಗಂಟು ಬಿದ್ದರೆ ಚಳಿಗೆ ಮರಗಟ್ಟಿದ ಬೆರಳಿಗೆ ಬಿಡಿಸಲು ಆಗುವುದಿಲ್ಲ. ರೈಲಿನಲ್ಲಿ ಹೋಲ್ಡಾಲ್, ಅಂದರೆ ಹಾಸಿಗೆ ಸುತ್ತಿ ಒಯ್ಯುವ ಕ್ಯಾನ್ವಾಸ್ ಚೀಲ, ಹೊತ್ತ ತಲೆಮಾರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಕಂಬಳಿ ಅಂದೆನಲ್ಲ, ಚಳ್ಳಕೆರೆ ಕಡೆಯ ಕುರಿ ಉಣ್ಣೆಯದೇ ಆಗಲಿ. ಸ್ವಲ್ಪ ತೇವ ಆದರೂ ಬೆಚ್ಚಗಿರುತ್ತದೆ. ಹೊಸದು ಗಡಸು ಅಂತ ಮೂಗು ಮುರಿಯಬೇಡಿ, ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ, ಬಳಸುತ್ತಾ ಮೆತ್ತಗಾಗುತ್ತದೆ. ದಯವಿಟ್ಟು ಅದನ್ನು ವಾಷಿಂಗ್ ಮಷೀನಿಗೆ ಹಾಕಬೇಡಿ! ಬಿಸಿನೀರು, ತಿರುಗಾಟ ಎರಡೂ ಸೇರಿದರೆ ಉಣ್ಣೆ ಒಂದಕ್ಕೊಂದು ಹೆಣೆದುಕೊಂಡು ಹಾಸುವ ಕಂಬಳಿ ಕಾಲೊರೆಸು ಆಗುತ್ತದೆ. ಅಂಟುವಾಳದ ನೊರೆ, ತಣ್ಣೀರು, ಹಿಂಡದೆ ನೆರಳಲ್ಲಿ ಒಣಗಿಸುವುದು, ಇಷ್ಟೇ.

ಟೆಂಟಿನ ಕೆಳಗೆ ಬೇರೆ ಹಾಳೆ ಹಾಸುವುದಾದರೆ ಅದು ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಿರಲಿ. ಹೊರಗೆ ಚಾಚಿದ್ದರೆ ಮಳೆನೀರು, ಇಬ್ಬನಿ ಎಲ್ಲ ಅದರ ಮೇಲೆ ಇಳಿದು ನಿಮ್ಮ ಅಡಿಗೇ ಸೇರುತ್ತದೆ. ಗೂಟಗಳನ್ನು ಎಣಿಸಿ ಚೀಲದ ಮೇಲೆ ಸಂಖ್ಯೆ ಬರೆಯಿರಿ, ಎರಡು ಹೆಚ್ಚಿಗೆ ಇರಲಿ. ಟೆಂಟ್, ಸುತ್ತಿಗೆ, ಹಾಸಿಗೆ ಸುರುಳಿ, ಇವಿಷ್ಟು ಡಿಕ್ಕಿಗೆ ಕೊನೆಯಲ್ಲಿ ಹೋಗಿ ಬಾಗಿಲ ಹತ್ತಿರ ಕೂರಬೇಕು. ಕತ್ತಲಾಗುವ ಎರಡು ಗಂಟೆ ಮುಂಚೆ ಜಾಗ ಸೇರಿಕೊಳ್ಳಿ.

ಅಡುಗೆ ಸಾಮಾನು ಉದ್ದ ಮಾಡಬೇಡಿ. ಹುರಿದ ರವೆಗೆ ಒಗ್ಗರಣೆ ಬೆರೆಸಿದ ಡಬ್ಬ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಕಟಕ್ ರೊಟ್ಟಿ, ಶೇಂಗಾ ಪುಡಿ ಇದ್ದರೆ ಯಾರೂ ಉಪವಾಸ ಬೀಳುವುದಿಲ್ಲ. ಬೆಂಕಿಪೊಟ್ಟಣ ಎರಡು, ಬಿಗಿ ಮುಚ್ಚಳದ ಡಬ್ಬದಲ್ಲಿ, ಬೇರೆ ಬೇರೆ ಚೀಲದಲ್ಲಿ. ಸ್ಟೌವಿನ ಗ್ಯಾಸ್ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಚಳಿ ಅಂತ ಸ್ಟೌವನ್ನೋ ಕೆಂಡದ ಬುಟ್ಟಿಯನ್ನೋ ಟೆಂಟಿನೊಳಗೆ ತಂದಿಟ್ಟು ಮಲಗಿದವರು ಬೆಳಿಗ್ಗೆ ಏಳುವುದಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಎಚ್ಚರಿಸದೆಯೇ ಕೊಲ್ಲುತ್ತದೆ. ಇಂಜಿನ್ ಚಾಲೂ ಇಟ್ಟು ಕಾರಿನ ಗಾಜು ಏರಿಸಿ ಮಲಗುವುದೂ ಅಷ್ಟೇ ಅಪಾಯ.

ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲದಿದ್ದರೆ ಇಂಬಳ, ಅಂದರೆ ಕಾಡಿನ ಜಿಗಣೆ, ಇರುತ್ತದೆ. ಒಂದು ಹಿಡಿ ಕಲ್ಲುಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿಯಿರಿ. ನೀರಲ್ಲಿ ಅದ್ದಿ ಮುಟ್ಟಿಸಿದರೆ ಇಂಬಳ ಉದುರುತ್ತದೆ, ಕಿತ್ತೆಳೆಯುವ ಕೆಲಸ ಬೇಡ. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನಲ್ಲಿ ಇಂಬಳಕ್ಕಿಂತ ಉಣ್ಣೆಹುಳದ, ಅಂದರೆ ರಕ್ತ ಹೀರುವ ಉಣುಗಿನ, ಭಯ ದೊಡ್ಡದು. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಅದು. ತರಗೆಲೆಯ ಮೇಲೆ ಕೂರಬೇಡಿ, ಬಟ್ಟೆ ಒಣಹಾಕಬೇಡಿ, ಸತ್ತ ಮಂಗ ಕಂಡ ಜಾಗದಿಂದ ಎದ್ದು ಬನ್ನಿ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ. ಚೆಂದ ಕಾಣದಿದ್ದರೆ ಬೇಡ ಬಿಡಿ, ಫೋಟೋ ತೆಗೆದ ಮೇಲೆ ಸೇರಿಸಿ.

ವಾಪಸು ಬಂದ ದಿನವೇ ಟೆಂಟನ್ನು ಮಹಡಿಯ ಮೇಲೆ ಬಿಚ್ಚಿ ಹರಡಿ. ಅಲ್ಲಿಂದ ಒಣಗಿಸಿಯೇ ತಂದೆವು ಅಂದರೂ ಹೊಲಿಗೆಯ ಸಾಲಿನಲ್ಲಿ ತೇವ ಇದ್ದೇ ಇರುತ್ತದೆ, ವಾರ ಕಟ್ಟಿಟ್ಟರೆ ಬೂಷ್ಟು. ಗೂಟದ ಮಣ್ಣು ತೊಳೆದು, ಒರೆಸಿ, ಚೀಲದ ಮೇಲೆ ಬರೆದ ಸಂಖ್ಯೆಗೆ ಸರಿಯಾಗಿ ಇದೆಯೇ ಅಂತ ಎಣಿಸಿ ಒಳಗಿಡಿ.